ನೀವು ಹೇಳ್ತಿದ್ರಲ್ಲ ಸಾರ್

ಶ್ರದ್ಧಾಂಜಲಿ ಸಭೆಗಳಲ್ಲಿ ನನಗೆ ಕೂರಲಿಕ್ಕಾಗುವುದಿಲ್ಲ. ಸಭೆ ಎಂದೇನಲ್ಲ, ಎಲ್ಲಿಯೂ ಕೂರಲಿಕ್ಕಾಗುವುದಿಲ್ಲ. ಊಟದ ನಡುವೆ ಎದ್ದು ಹೋಗಿ ಗೇಟು ಹಾಕಿದೆಯೇ ಎಂದು ನೋಡಿ ಬರುವ ಜಾಯಮಾನ ನನ್ನದು. ಆದರೆ ಹೋದ ಭಾನುವಾರ ಬಸವನಗುಡಿಯ ಆ ಪುಟ್ಟ ಸಭಾಂಗಣದಿಂದ ಎದ್ದು ಹೊರಗೆ ಬಂದದ್ದು ಬರೀ ಆ ಚಡಪಡಿಕೆಯಿಂದಲ್ಲ. ನನಗೆ ಸಿಟ್ಟು ಬಂದಿತ್ತು.

ಒಬ್ಬರಾದ ಮೇಲೆ ಒಬ್ಬರು ಮೈಕ್ ಹಿಡಿದು ಅದೇ ಮಾತು ಹೇಳುತ್ತಿದ್ದರು. ಎಂಥ ವಿವೇಕ, ಎಂಥ ತಾಳ್ಮೆ, ಎಂಥ ಜವಾಬ್ದಾರಿ. ತೀರಿಕೊಂಡವರ ದೊಡ್ಡ ತಮ್ಮ ಹೇಳಿದ, ಚಿಕ್ಕ ತಮ್ಮ ಹೇಳಿದ, ಅವರು ಕೆಲಸ ಮಾಡಿದ ಕಾಲೇಜಿನ ಪ್ರಿನ್ಸಿಪಾಲರು ಹೇಳಿದರು. ಮೇಜಿನ ಮೇಲೆ ಅವರ ಫೋಟೋ, ಅದಕ್ಕೊಂದು ಸುಗಂಧರಾಜದ ಹಾರ. ಫೋಟೋದಲ್ಲೂ ಅವರು ಕನ್ನಡಕದ ಮೇಲಿನಿಂದ ನೋಡುತ್ತ, ಇವರದೆಲ್ಲ ಮುಗಿಯಲಿ ಎಂದು ಕಾಯುತ್ತಿದ್ದರು. ಅವರು ತಮಾಷೆಯ ಹೆಂಗಸು ಎಂದು ಒಬ್ಬರಾದರೂ ಹೇಳಬಹುದು ಎಂದು ನಾನೂ ಕಾದೆ. ಯಾರೂ ಹೇಳಲಿಲ್ಲ. ನನ್ನ ಸರದಿ ಕೊನೆಯಲ್ಲಿತ್ತು. ಅಲ್ಲಿಯವರೆಗೆ ತಡೆಯಲಾರದೆ ಹೊರಗೆ ಬಂದು, ರಸ್ತೆಯ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಹೆಡ್‌ಕ್ಲರ್ಕ್ ಮೇಡಂ ಎಂದರೆ ಮಾತ್ರ ‘ಓ, ಅವರಾ’ ಎನ್ನುವವರು ಇನ್ನೂ ಇದ್ದಾರೆ.

ನನ್ನ ಗೆಳೆಯ ರಘು ಒಂದು ದಿನ ವೈಯಾಲಿಕಾವಲಿನ ನಮ್ಮ ಮನೆಗೆ ಬಂದು, ಇಂಗ್ಲೆಂಡಿನ ಒಂದು ಹಾಸ್ಯ ಧಾರಾವಾಹಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ಮಾತು ನೀನು ಬರೆಯಬೇಕು ಎಂದ. ಮೊಬೈಲಿನಲ್ಲಿ ನೋಡುವಂಥದ್ದು. ಮೂಲದಲ್ಲಿ ಅದು ಯಾವುದೋ ಸಣ್ಣ ಊರಿನ ಪುರಸಭೆಯ ಕಚೇರಿ. ನಾನು ಅದನ್ನು ಬೆಂಗಳೂರಿನ ಒಂದು ಗೃಹ ನಿರ್ಮಾಣ ಸಹಕಾರ ಸಂಘ ಮಾಡಿದೆ. ಮೂವತ್ತು ವರ್ಷದಿಂದ ನಡೆಯುತ್ತಿರುವ, ಇದುವರೆಗೆ ಯಾರಿಗೂ ಒಂದು ಸೈಟು ಕೊಡದ ಸಂಘ. ಸದಾ ಭಾಷಣ ಮಾಡುವ ಅಧ್ಯಕ್ಷರು, ಸದಾ ನಿದ್ದೆ ಹೋಗುವ ಖಜಾಂಚಿ, ಜಾತಕ ನೋಡದೆ ಫೈಲು ತೆಗೆಯದ ಗುಮಾಸ್ತ. ಮೂಲದಲ್ಲಿ ಇನ್ನೂ ಒಬ್ಬಳಿದ್ದಳು. ದೊಡ್ಡ ಮಗ್ಗಿನಲ್ಲಿ ಟೀ ಕುಡಿಯುತ್ತ, ಉಳಿದವರ ಹುಚ್ಚಾಟ ನೋಡುತ್ತ, ಆಗಾಗ ಒಂದು ನೆಟ್ಟಗಿನ ಮಾತು ಆಡುವವಳು. ಅವಳಿಂದ ಒಂದು ನಗುವೂ ಇಲ್ಲವಲ್ಲ ಎಂದು ನಾನು ಆ ಪಾತ್ರವನ್ನೇ ತೆಗೆದುಹಾಕಿದೆ.

ಮೊದಲ ರಿಹರ್ಸಲ್ಲಿನಲ್ಲಿ ಒಬ್ಬರೂ ನಗಲಿಲ್ಲ. ಕೋಣೆಯ ತುಂಬ ಹುಚ್ಚರಿದ್ದರೆ ಅದು ತಮಾಷೆಯಲ್ಲ, ಗಲಾಟೆ ಅಷ್ಟೆ. ರಘು ತಲೆ ಕೆರೆದುಕೊಂಡು, ಆ ಟೀ ಕುಡಿಯುವ ಹೆಂಗಸನ್ನು ವಾಪಸ್ ತಾ, ಯಾರನ್ನಾದರೂ ಕೂರಿಸಿದರಾಯಿತು, ಅದಕ್ಕೇನು ಕೆಲಸವಿದೆ ಎಂದ. ಹಾಗೆ ಅವಳನ್ನು ಸಂಘದ ಹೆಡ್‌ಕ್ಲರ್ಕ್ ಮಾಡಿ, ‘ಯಾರನ್ನಾದರೂ’ ಎಂದು ಹುಡುಕಿದಾಗ ಸಿಕ್ಕವರು ಮೇಡಂ. ಮಲ್ಲೇಶ್ವರದವರು, ಮದುವೆಯಾಗಿರಲಿಲ್ಲ. ಒಂದು ಕಾಲೇಜಿನ ಆಫೀಸಿನಲ್ಲಿ ಸೂಪರಿಂಟೆಂಡೆಂಟ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಹವ್ಯಾಸಿ ನಾಟಕಗಳಲ್ಲಿ ಹರೆಯದಿಂದಲೂ ಪಾತ್ರ ಮಾಡಿದವರು. ಏನೇನು ಮಾಡಿದ್ದೀರಿ ಎಂದು ರಘು ಕೇಳಿದ್ದಕ್ಕೆ, ತಾಯಿ, ಅತ್ತಿಗೆ, ಡಾಕ್ಟರು, ಒಂದು ಸಲ ಜಡ್ಜು ಎಂದರು.

ಶಂಕರಪುರಂನ ಒಂದು ಹಳೆಯ ಮನೆ ನಮ್ಮ ಸೆಟ್ಟು. ಕೆಂಪು ಗಾರೆಯ ನೆಲ, ಸರಳಿನ ಕಿಟಕಿ, ಹಿಂದೆ ಒಂದು ನುಗ್ಗೆಮರ. ಮೇಡಂ ಮೊದಲ ದಿನ ಬಂದವರು ಡೈಲಾಗಿನ ಸುದ್ದಿ ಎತ್ತಲಿಲ್ಲ. ಕುಡಿಯುವ ನೀರು ಎಲ್ಲಿ, ಬಾತ್‌ರೂಮಿನ ಚಿಲಕ ಸರಿಯಿದೆಯೇ, ಬೆಳಿಗ್ಗೆ ಬೀಗ ತೆಗೆಯುವವರು ಯಾರು ಎಂದು ವಿಚಾರಿಸಿದರು. ಆಮೇಲೆ ತಮಗೆಂದು ಇಟ್ಟಿದ್ದ ಮೇಜಿನ ಡ್ರಾ ಎಳೆದು ನೋಡಿದರು. ಅದು ಬರಲಿಲ್ಲ. ಕ್ಯಾಮೆರಾದಲ್ಲಿ ಡ್ರಾ ಕಾಣುವುದೇ ಇಲ್ಲ ಎಂದು ನಾನು ಹೇಳಿದೆ.

“ಕ್ಯಾಮೆರಾಗೆ ಬೇಡದೇ ಇರ್ಬೋದು. ನನ್ನ ಊಟದ ಡಬ್ಬಿ ಎಲ್ಲಿಡ್ಲಿ?”

ಬಡಗಿ ಬಂದು ಡ್ರಾ ಸರಿಮಾಡುವವರೆಗೆ ಶೂಟಿಂಗ್ ಶುರುವಾಗಲಿಲ್ಲ. ನನಗೆ ಮೈ ಉರಿಯಿತು. ಆದರೆ ಅಂದಿನಿಂದ ಆ ಕೋಣೆ ಕಚೇರಿಯಾಯಿತು ಎಂಬುದನ್ನೂ ಹೇಳಬೇಕು. ಉಳಿದವರೆಲ್ಲ ಸೆಟ್ಟಿಗೆ ಬರುತ್ತಿದ್ದರು, ಮೇಡಂ ಒಬ್ಬರು ಕೆಲಸಕ್ಕೆ ಬರುತ್ತಿದ್ದರು. ಅಧ್ಯಕ್ಷರು ಸಂಘಕ್ಕೆ ಹೆಲಿಕಾಪ್ಟರ್ ಕೊಳ್ಳುವ ಯೋಜನೆ ವಿವರಿಸುವಾಗ ಮೇಡಂ ನೀರಿನ ಬಾಟಲಿಯ ಮುಚ್ಚಳ ನಿಧಾನವಾಗಿ ತಿರುಗಿಸಿ ಹಾಕುತ್ತಿದ್ದರು, ಅಷ್ಟೆ. ನಗು ಬರುತ್ತಿದ್ದುದು ಆ ಮುಚ್ಚಳ ಬಿಗಿಯಾಗುವ ಹೊತ್ತಿಗೆ. ಜನ ಅಧ್ಯಕ್ಷರಿಗೆ ನಕ್ಕೆವು ಎಂದುಕೊಳ್ಳುತ್ತಿದ್ದರು. ಅಧ್ಯಕ್ಷರೂ ಹಾಗೆಯೇ ಅಂದುಕೊಂಡಿದ್ದರು.

ಈ ಅಧ್ಯಕ್ಷರ ಪಾತ್ರ ಮಾಡಿದವರ ಬಗ್ಗೆ ಎರಡು ಮಾತು ಹೇಳದಿದ್ದರೆ ಮೇಡಂ ಅರ್ಥವಾಗುವುದಿಲ್ಲ. ಅವರು ದಿನನಿತ್ಯದ ಟಿ.ವಿ. ಧಾರಾವಾಹಿಗಳಲ್ಲಿ ಪಳಗಿದ ನಟ. ಅಲ್ಲಿ ಮಾತು ಬಾಯಿಪಾಠ ಮಾಡುವ ಪದ್ಧತಿಯಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ಒಬ್ಬ ನಿಂತು ಸಾಲು ಸಾಲಾಗಿ ಗಟ್ಟಿಯಾಗಿ ಓದುತ್ತಾನೆ, ನಟರು ಅದನ್ನು ಕೇಳಿಸಿಕೊಂಡು ಹೇಳುತ್ತಾರೆ. ಧ್ವನಿಯನ್ನು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದರಾಯಿತು. ರಘು ಮಾತ್ರ, ಇಂಗ್ಲೆಂಡಿನವರ ಹಾಗೆ ಮಾತು ಅಲ್ಲೇ ರೆಕಾರ್ಡ್ ಆಗಬೇಕು, ಪಕ್ಕದಲ್ಲಿ ಓದುವವರು ಯಾರೂ ಬೇಡ ಎಂದು ಹಟ ಹಿಡಿದ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ಟೇಕು ಹೋಯಿತು, ಸೊಪ್ಪಿನವಳು ಬಂದರೆ ಟೇಕು ಹೋಯಿತು. ಅದಕ್ಕಿಂತ ದೊಡ್ಡ ಕಷ್ಟ ಅಧ್ಯಕ್ಷರದು. ಮೂರನೆಯ ವಾಕ್ಯಕ್ಕೆ ಮಾತು ಮರೆತು ಅವರ ಕಣ್ಣು ಗಾಜಾಗಿಬಿಡುತ್ತಿತ್ತು. ಅಭ್ಯಾಸಬಲದಿಂದ ಓದುವವನಿಗಾಗಿ ಎಡಕ್ಕೆ ತಿರುಗುತ್ತಿದ್ದರು.

ಎಡಗಡೆ ಇದ್ದದ್ದು ಮೇಡಂ ಅವರ ಮೇಜು. ಅವರಿಗೆ ಎಲ್ಲರ ಮಾತೂ ಬಾಯಿಗೆ ಬರುತ್ತಿತ್ತು. ನಾಟಕದವರ ಪದ್ಧತಿ ಅದು, ತಮ್ಮದಷ್ಟೇ ಅಲ್ಲ, ಎದುರಿನವರದ್ದೂ ಕಲಿಯುತ್ತಾರೆ. ಅಧ್ಯಕ್ಷರ ಕಣ್ಣು ಗಾಜಾದ ಕೂಡಲೆ ಮೇಡಂ ಫೈಲಿನಿಂದ ತಲೆಯೆತ್ತಿ, ಹೆಡ್‌ಕ್ಲರ್ಕಿನ ಗತ್ತಿನಲ್ಲೇ ಹೇಳುತ್ತಿದ್ದರು.

“ನೀವು ಹೇಳ್ತಿದ್ರಲ್ಲ ಸಾರ್, ಕೆರೆ ಮುಚ್ಚಿಸೋ ವಿಚಾರ.”

ಟೇಕು ಉಳಿಯುತ್ತಿತ್ತು. ನೋಡಿದವರಿಗೆ ಅದು ಬರೆದ ಮಾತಿನಂತೆಯೇ ಕಾಣುತ್ತಿತ್ತು. ಏನು ಹೇಳುತ್ತಿದ್ದೇನೆಂದು ತನಗೇ ಗೊತ್ತಿಲ್ಲದ ಅಧ್ಯಕ್ಷ, ಅದನ್ನು ನೆನಪಿಸುವ ಹೆಡ್‌ಕ್ಲರ್ಕ್! ಇದಕ್ಕಿಂತ ಒಳ್ಳೆಯದನ್ನು ನಾನು ಬರೆಯಲಾರೆ. ಗಾಂಧಿ ಬಜಾರಿನಲ್ಲಿ, ಕಾಲೇಜು ಹುಡುಗರ ಬಾಯಲ್ಲಿ ‘ನೀವು ಹೇಳ್ತಿದ್ರಲ್ಲ ಸಾರ್’ ಓಡಾಡತೊಡಗಿತು. ಸಿಕ್ಕವರೆಲ್ಲ ನನ್ನ ಕೈ ಕುಲುಕಿದರು. ಅದು ನನ್ನದಲ್ಲ ಎಂದರೆ ವಿನಯ ಎಂದುಕೊಂಡರು.

ಜನಪ್ರಿಯತೆಯಿಂದ ಮೇಡಂಗೆ ಆದ ಲಾಭ ಏನೆಂದರೆ, ರಸ್ತೆಯಲ್ಲಿ ಹೋಗುವವರು ನಿಲ್ಲಿಸಿ ತಮ್ಮ ಸೈಟಿನ ತಂಟೆ ತಕರಾರು ಹೇಳಿಕೊಳ್ಳತೊಡಗಿದರು. ಒಮ್ಮೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೇವಂತಿಗೆ ಕೊಳ್ಳುತ್ತಿದ್ದವರನ್ನು ಒಬ್ಬ ಮುದುಕ ಹಿಡಿದುಕೊಂಡು, ತನ್ನ ಸೈಟನ್ನು ಇನ್ನೊಬ್ಬನಿಗೂ ಬರೆದುಕೊಟ್ಟಿದ್ದಾರೆ, ನಿಮ್ಮ ಅಧ್ಯಕ್ಷರಿಗೆ ಹೇಳಿ ಎಂದನಂತೆ. ನಾನು ಪಾತ್ರ ಮಾಡುವವಳಪ್ಪ, ನಮ್ಮ ಅಧ್ಯಕ್ಷರಿಗೆ ಅವರ ಮಾತೇ ನೆನಪಿರುವುದಿಲ್ಲ ಎಂದು ತಿಳಿಸಿ ಹೇಳಿದರಂತೆ. ಆದರೂ ಮುದುಕ ಬಿಡಲಿಲ್ಲ. ಕೊನೆಗೆ ಹೂವಿನ ಚೀಲ ಕೆಳಗಿಟ್ಟು ಅವನ ಕಥೆಯನ್ನು ಪೂರ್ತಿ ಕೇಳಿ, ಒಬ್ಬ ಒಳ್ಳೆಯ ವಕೀಲರ ಹತ್ತಿರ ಹೋಗು ಎಂದು ಹೇಳಿ ಕಳಿಸಿದರು. ಅವತ್ತು ಸೆಟ್ಟಿಗೆ ತಡವಾಗಿ ಬಂದರು. ತಡವಾಗಿ ಬಂದದ್ದು ಅದೊಂದೇ ದಿನ.

ನಾವಿಬ್ಬರೂ ಒಂದೇ ಕಡೆಯವರಾದ್ದರಿಂದ ಸಂಜೆ ನ್ಯಾಷನಲ್ ಕಾಲೇಜಿನ ಹತ್ತಿರ ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುತ್ತಿದ್ದೆವು. ಸೀಟು ಖಾಲಿಯಿದ್ದರೂ ನಾನು ನಿಂತಿರುತ್ತಿದ್ದೆ. ಬಾಗಿಲ ಬಳಿ ಹೋಗುವುದು, ಬರುವುದು, ಮೇಲಿನ ಹಿಡಿ ಹಿಡಿಯುವುದು, ಬಿಡುವುದು. ಮೇಡಂ ಮಡಿಲಲ್ಲಿ ಡಬ್ಬಿಯ ಚೀಲ ಇಟ್ಟುಕೊಂಡು ಕೂತಿರುತ್ತಿದ್ದರು.

“ಕೂತ್ಕೊಳ್ಳಿ ರೀ. ನೀವು ನಿಂತ್ರೆ ರೈಲೇನೂ ಬೇಗ ಹೋಗಲ್ಲ.”

ಪಕ್ಕದವರು ನಕ್ಕರು, ನಾನೂ ನಕ್ಕೆ. ಆದರೆ ಕೂರಲಿಲ್ಲ. ಮೇಡಂ ಮಾತ್ರ ನಗದೆ ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ನಾನು ತಮಾಷೆ ಮಾಡಿದೆನಾ ಎಂದು ಕೇಳಿದರು. ಹೌದು ಎಂದೆ. ಹಾಗಾದರೆ ಸೀರಿಯಲ್ಲಿನಲ್ಲಿ ನನಗೂ ಒಂದು ನಗಿಸುವ ಮಾತು ಬರೆದುಕೊಡಿ ಎಂದರು. ಕೇಳಿದ ರೀತಿ ಹೇಗಿತ್ತೆಂದರೆ, ಎಷ್ಟೋ ದಿನದಿಂದ ಕೇಳಬೇಕೆಂದು ಇಟ್ಟುಕೊಂಡಿದ್ದ ಹಾಗಿತ್ತು.

ಚಿಕ್ಕಂದಿನಲ್ಲಿ ಮೇಡಂ ಮನೆಗೆ ಬಂದವರನ್ನೆಲ್ಲ ಅಣಕ ಮಾಡಿ ತೋರಿಸುತ್ತಿದ್ದರಂತೆ. ಹಾಲಿನವನು, ಪುರೋಹಿತರು, ಬಾಡಿಗೆ ವಸೂಲಿಗೆ ಬರುತ್ತಿದ್ದ ಮನೆ ಮಾಲೀಕರು. ಅಪ್ಪ ಊಟ ಬಿಟ್ಟು ನಗುತ್ತಿದ್ದರಂತೆ. ಅವರಿನ್ನೂ ಹೈಸ್ಕೂಲಿನಲ್ಲಿರುವಾಗ ಅಪ್ಪ ಹೋದರು. ಇಬ್ಬರು ತಮ್ಮಂದಿರು, ಅಳುತ್ತ ಮಲಗಿದ ಅಮ್ಮ. “ಆಮೇಲೆ ಯಾರೂ ಮಾಡಿ ತೋರ್ಸು ಅನ್ಲಿಲ್ಲ” ಎಂದರು. ಎಲ್ಲರೂ ಹೇಳತೊಡಗಿದ್ದು ಬೇರೊಂದು ಮಾತು: ನೀನಿದೀಯಲ್ಲ. ಆಸ್ಪತ್ರೆಯಲ್ಲಿ ಮಲಗುವುದಕ್ಕೆ ಯಾರು, ನೀನಿದೀಯಲ್ಲ. ತಮ್ಮಂದಿರ ಜಗಳ ಬಿಡಿಸುವುದಕ್ಕೆ, ನೀನಿದೀಯಲ್ಲ. ಮದುವೆಮನೆಯಲ್ಲಂತೂ ಛತ್ರದ ಬಾಗಿಲಲ್ಲೇ ಕಾಯುತ್ತಿದ್ದು, ಅವರು ಬಂದ ತಕ್ಷಣ ಹೆಂಗಸರೆಲ್ಲ ತಮ್ಮ ತಮ್ಮ ಬ್ಯಾಗು ತಂದು ಅವರ ಮಡಿಲಲ್ಲಿಟ್ಟು, ಒಂದು ನಿಮಿಷ ನೋಡಿಕೊಂಡಿರು ಎಂದು ಮಂಟಪಕ್ಕೆ ಓಡುತ್ತಿದ್ದರು. ಒಡವೆಯಿರುವ ಬ್ಯಾಗು, ಅದನ್ನು ಬಿಟ್ಟು ಏಳುವ ಹಾಗಿಲ್ಲ.

“ನಮ್ಮನೇಲಿ ಇಷ್ಟು ಮದ್ವೆ ಆಯ್ತು. ತಾಳಿ ಕಟ್ಟೋದು ಮಾತ್ರ ನಾನು ಒಂದ್ಸಲಾನೂ ನೋಡಿಲ್ಲ ರೀ. ಬರೀ ಗಟ್ಟಿಮೇಳ ಕೇಳಿದೀನಿ.”

ಇದನ್ನೂ ಅದೇ ಮುಖದಲ್ಲಿ ಹೇಳಿದರು. ನಾನು ನಕ್ಕುಬಿಟ್ಟೆ. ಆಮೇಲೆ ನಗಬಾರದಿತ್ತೇನೋ ಎನಿಸಿ ಅವರತ್ತ ನೋಡಿದರೆ, ಮೇಡಂ ಸಂತೋಷದಿಂದ ಕಿಟಕಿಯ ಕಡೆ ತಿರುಗಿದ್ದರು.

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಸುಲಭ ಎಂದುಕೊಂಡಿದ್ದೆ. ಮುಂದಿನ ಕಂತಿನಲ್ಲಿ ಖಜಾಂಚಿಯನ್ನು ಕುಟುಕುವ ಒಂದು ಚಂದದ ಮಾತು ಮೇಡಂಗೆ ಕೊಟ್ಟೆ. ಅವರು ಅದನ್ನು ಹೇಳಿದಾಗ ಸೆಟ್ಟಿನಲ್ಲಿ ಎಲ್ಲರೂ ಗಂಭೀರವಾದರು. ಲೈಟಿನವನು ಬಂದು, ಮೇಡಂಗೆ ಮೈಸರಿಯಿಲ್ಲವಾ ಎಂದು ನನ್ನನ್ನೇ ಕೇಳಿದ. ಇನ್ನೊಂದು ಕಂತಿನಲ್ಲಿ ಕುರ್ಚಿ ಮುರಿದು ಬೀಳುವ ಹಾಗೆ ಬರೆದೆ. ಖಜಾಂಚಿ ಬಿದ್ದಿದ್ದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೇಡಂ ಬಿದ್ದಾಗ, ಬೀಳುತ್ತಾರೆಂದು ಗೊತ್ತಿದ್ದೂ, ಅಧ್ಯಕ್ಷರು ಪಾತ್ರ ಬಿಟ್ಟು ಓಡಿ ಬಂದು ಎತ್ತಿದರು. ಕ್ಯಾಮೆರಾದವನು ಕ್ಯಾಮೆರಾ ಬಿಟ್ಟು ನೀರು ತಂದ. ಟೇಕು ಹಾಳಾಯಿತು. ಮೇಡಂ ಸೀರೆಯ ಧೂಳು ಕೊಡವಿಕೊಂಡು, ನೋಡಿದ್ರಾ ಎನ್ನುವಂತೆ ನನ್ನತ್ತ ನೋಡಿದರು.

ಇದು ನನ್ನ ತಲೆ ತಿನ್ನತೊಡಗಿತು. ಬೆಳಿಗ್ಗೆ ಸ್ಯಾಂಕಿ ಕೆರೆಯ ಸುತ್ತ ಓಡಾಡುವಾಗ ಅದೇ ಯೋಚನೆ. ತರಕಾರಿ ತರಲು ಹೋಗಿ ಬರಿಗೈಯಲ್ಲಿ ವಾಪಸ್ ಬಂದು ಹೆಂಡತಿಯಿಂದ ಬೈಸಿಕೊಂಡೆ. ಒಬ್ಬರನ್ನು ಎಲ್ಲರೂ ನಂಬಿದ ಮೇಲೆ ಅವರನ್ನು ನೋಡಿ ನಗುವ ಧೈರ್ಯ ಯಾರಿಗೂ ಇರುವುದಿಲ್ಲ. ಆ ನಂಬಿಕೆಯನ್ನು ಸ್ವಲ್ಪ ಸಡಿಲಿಸಿ ಎಂದು ಜನರನ್ನು ಕೇಳುವುದಾದರೂ ಹೇಗೆ? ಅಷ್ಟರಲ್ಲಿ ಮೂರನೆಯ ವರ್ಷವೂ ಮುಗಿಯುತ್ತ ಬಂತು. ಧಾರಾವಾಹಿ ನಿಲ್ಲುತ್ತದೆ ಎಂದು ತಿಳಿಯಿತು. ಅಷ್ಟರೊಳಗೆ ಬರೆದರೆ ಬರೆದ ಹಾಗೆ, ಇಲ್ಲದಿದ್ದರೆ ಇಲ್ಲ.

ಕೊನೆಯ ಕಂತನ್ನು ಪ್ರೇಕ್ಷಕರ ಎದುರಿಗೆ, ನಾಟಕದಂತೆ ಆಡಿ ಚಿತ್ರೀಕರಿಸೋಣ, ಇಂಗ್ಲೆಂಡಿನಲ್ಲಿ ಹಾಗೇ ಮಾಡುತ್ತಾರೆ ಎಂದ ರಘು. ಚಾಮರಾಜಪೇಟೆಯ ಒಂದು ಹಳೆಯ ಹಾಲ್ ಗೊತ್ತುಮಾಡಿದ. ಆಗ ನನಗೆ ದಾರಿ ಹೊಳೆಯಿತು. ಅಧ್ಯಕ್ಷರು ಮಹಾಸಭೆಗೆ ಬರುವುದಿಲ್ಲ. ಸದಸ್ಯರು ಗಲಾಟೆ ಮಾಡುತ್ತಾರೆ. ಬೇರೆ ದಾರಿಯಿಲ್ಲದೆ ಹೆಡ್‌ಕ್ಲರ್ಕ್ ಎದ್ದು ನಿಂತು, ಅಧ್ಯಕ್ಷರ ಹಾಗೆಯೇ ಕೈಬೀಸಿ, ಗಂಟಲು ಸರಿಮಾಡಿಕೊಂಡು, ಅವರದೇ ಭಾಷಣ ಮಾಡಿಬಿಡುತ್ತಾಳೆ. ಅಪ್ಪನನ್ನು ನಗಿಸಿದ ಅದೇ ಅಣಕ. ಇದನ್ನು ಮೆಟ್ರೋದಲ್ಲಿ ಮೇಡಂಗೆ ಹೇಳಿದೆ. ಚಿಕ್ಕಪೇಟೆ ದಾಟಿದ ಮೇಲೆ ಸಣ್ಣ ದನಿಯಲ್ಲಿ, ತುಟಿ ಅಷ್ಟೇ ಅಲುಗಿಸುತ್ತ, ಅಧ್ಯಕ್ಷರನ್ನು ಮಾಡಿ ತೋರಿಸಿದರು. ಆ ಗಾಜುಗಣ್ಣು, ಆ ಎಡಕ್ಕೆ ತಿರುಗುವುದು, ಎಲ್ಲ. ನಾನು ಎಷ್ಟು ಗಟ್ಟಿಯಾಗಿ ನಕ್ಕೆನೆಂದರೆ ಬೋಗಿಯವರೆಲ್ಲ ನನ್ನನ್ನು ನೋಡಿದರು.

ಆ ದಿನ ಮುಂದಿನ ಸಾಲಿನಲ್ಲಿ ಮೇಡಂ ಮನೆಯವರೆಲ್ಲ ಕೂತಿದ್ದರು. ತಮ್ಮಂದಿರು, ನಾದಿನಿಯರು, ಅವರ ಮಕ್ಕಳು. ಎಲ್ಲರ ಬ್ಯಾಗೂ ಅವರವರ ಮಡಿಲಲ್ಲೇ ಇತ್ತು. ಅದನ್ನು ಮೇಡಂ ಪರದೆಯ ಸಂದಿಯಿಂದ ನನಗೆ ತೋರಿಸಿದರು.

ಎಲ್ಲ ಸರಿಯಾಗಿ ನಡೆಯಿತು. ಅಧ್ಯಕ್ಷರು ತಮ್ಮ ಮಾತು ಮರೆತಾಗಲೆಲ್ಲ ಮೇಡಂ ದಡ ಹತ್ತಿಸಿದರು. ಮಹಾಸಭೆಯ ದೃಶ್ಯ ಬಂದಾಗ ಅಧ್ಯಕ್ಷರು ರಂಗ ಬಿಟ್ಟು ಪರದೆಯ ಹಿಂದೆ ನನ್ನ ಪಕ್ಕಕ್ಕೆ ಬಂದರು, ಸದಸ್ಯರ ಗಲಾಟೆ ಶುರುವಾಯಿತು, ಮೇಡಂ ಕುರ್ಚಿಯಿಂದ ಎದ್ದು ರಂಗದ ನಡುವೆ ಬಂದು ನಿಂತರು. ಕೈಯೆತ್ತಿದರು. ಗಂಟಲು ಸರಿಮಾಡಿಕೊಂಡರು.

ಆಮೇಲೆ ಏನೂ ಬರಲಿಲ್ಲ.

ಮೂರು ವರ್ಷದಲ್ಲಿ ಒಂದು ಮಾತು ಮರೆಯದವರು ಮರೆತು ನಿಂತಿದ್ದರು. ತಮಗಾಗಿ ಏನನ್ನಾದರೂ ಬೇಕೆಂದು ಬಯಸಿ ಅವರಿಗೆ ಅಭ್ಯಾಸವಿರಲಿಲ್ಲ, ಅದಕ್ಕೇ ಮಾತು ಮರೆಯಿತು ಎಂದು ನಾನು ಈಗ ತಿಳಿದಿದ್ದೇನೆ. ಆಗ ತಿಳಿಯುವ ಸ್ಥಿತಿಯಲ್ಲಿರಲಿಲ್ಲ. ಪಕ್ಕದ ಪರದೆಯ ಹಿಂದೆ ಕೈಯಲ್ಲಿದ್ದ ಹಾಳೆಗಳನ್ನು ತಿರುವುತ್ತ ಕುಣಿಯುತ್ತಿದ್ದೆ. ಬರೆದವನು ನಾನೇ, ಮೊದಲ ಸಾಲು ನನಗೇ ಹೊಳೆಯಲಿಲ್ಲ. ರಂಗದ ಮೇಲಿದ್ದ ಖಜಾಂಚಿ, ಗುಮಾಸ್ತ, ಸದಸ್ಯರು ಎಲ್ಲರೂ ಮೇಡಂ ಮುಖವನ್ನೇ ನೋಡುತ್ತಿದ್ದರು. ಯಾರಾದರೂ ಮರೆತರೆ ಮೇಡಂ ಹೇಳಿಕೊಡುತ್ತಾರೆ, ಅದು ಅವರಿಗೆ ಗೊತ್ತಿದ್ದ ಏರ್ಪಾಡು. ಈಗಲೂ ಅದಕ್ಕೇ ಕಾಯುತ್ತಿದ್ದರು.

ಮೇಡಂ ಕನ್ನಡಕ ತೆಗೆದರು. ಸೆರಗಿನ ತುದಿಯಿಂದ ಒರೆಸಿದರು. ಹಾಕಿಕೊಂಡರು. ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ನೋಡಿದರು.

“ನೋಡಿ, ಇಷ್ಟು ದಿನ ನಿಮ್ಮೆಲ್ಲರ ಮಾತು ನಾನೇ ಇಟ್ಕೊಂಡಿದ್ದೆ. ನಂದು ಯಾರ ಹತ್ರನಾದ್ರೂ ಇದ್ರೆ ಕೊಟ್ಬಿಡಿ.”

ಖಜಾಂಚಿ ಸೂರು ನೋಡಿದ. ಗುಮಾಸ್ತ ಚಪ್ಪಲಿ ನೋಡಿಕೊಂಡ. ಹಾಲಿನಲ್ಲಿ ಹಿಂದೆ ಯಾರೋ ಫಕ್ಕನೆ ನಕ್ಕರು. ಅಷ್ಟರಲ್ಲಿ ನನ್ನ ಪಕ್ಕ ನಿಂತಿದ್ದ ಅಧ್ಯಕ್ಷರು, ತಡೆಯಲಾರದೆ ಪರದೆಯಿಂದ ತಲೆ ಹೊರಹಾಕಿ ಕೂಗಿದರು.

“ನೀವು ಹೇಳ್ತಿದ್ರಲ್ಲ ಮೇಡಂ...”

ಮುಂದೆ ಗೊತ್ತಿಲ್ಲದೆ ನಿಂತುಬಿಟ್ಟರು. ಮೇಡಂ ನಿಧಾನವಾಗಿ ಅವರತ್ತ ತಿರುಗಿದರು.

“ಹೇಳಿ ಸಾರ್. ಏನ್ ಹೇಳ್ತಿದ್ದೆ?”

ಅಂಥ ನಗುವನ್ನು ನಾನು ಇನ್ನೊಮ್ಮೆ ಕೇಳಿಲ್ಲ. ನಿಂತಿತು ಅನ್ನುವಾಗ ಮತ್ತೆ ಏಳುತ್ತಿತ್ತು. ಅವರ ನಾದಿನಿಯ ಮಡಿಲಿನ ಬ್ಯಾಗು ಜಾರಿ ಕೆಳಗೆ ಬಿತ್ತು, ಆಕೆ ಎತ್ತಿಕೊಳ್ಳಲಿಲ್ಲ. ದೊಡ್ಡ ತಮ್ಮ ಕಣ್ಣೊರೆಸಿಕೊಳ್ಳುತ್ತಿದ್ದ. ಮೇಡಂ ಮೊದಲು ಹಾಗೆಯೇ ನಿಂತಿದ್ದರು. ಆಮೇಲೆ ಮೂಗಿನ ಹೊಳ್ಳೆ ಅರಳಿತು, ಬಾಯಿಗೆ ಸೆರಗು ಬಂತು, ಭುಜ ಕುಲುಕತೊಡಗಿತು. ಕ್ಯಾಮೆರಾದ ಮುಂದೆ ಅವರು ನಕ್ಕದ್ದು ಅದೊಂದೇ ಸಲ. ಅಷ್ಟಕ್ಕೇ ಪರದೆ ಎಳೆಸಿದ ರಘು. ನಾನು ಬರೆದ ಭಾಷಣ ಹಾಳೆಯಲ್ಲೇ ಉಳಿಯಿತು, ಅದರ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ.

ವಾಪಸ್ ಬರುವಾಗ ಮೆಟ್ರೋ ಖಾಲಿಯಾಗಿತ್ತು. ನಾನು ಎಂದಿನಂತೆ ನಿಂತಿದ್ದೆ. ಮೇಡಂ ಹೇಳಿದರು.

“ನಿಜವಾಗ್ಲೂ ಮರ್ತೋಯ್ತು ರೀ. ಹೇಳಿದ್ರೂ ಯಾರೂ ನಂಬಲ್ಲ.”

ಹೌದು, ಯಾರೂ ನಂಬುವುದಿಲ್ಲ ಎಂದೆ.

“ನಕ್ರು ಅಲ್ವಾ?”

“ನಕ್ರು ಮೇಡಂ.”

“ನಂಗೇ ತಾನೇ?”

ನಿಮಗೇ ಎಂದೆ. ಅವರು ತಲೆಯಾಡಿಸಿ ಚೀಲವನ್ನು ಸರಿಯಾಗಿ ಮಡಿಲಿಗೆ ಎಳೆದುಕೊಂಡರು.

ಆಮೇಲೆ ಅವರು ಪಾತ್ರ ಮಾಡಲಿಲ್ಲ. ಮಾರ್ಗೋಸಾ ರಸ್ತೆಯಲ್ಲಿ ಆಗಾಗ ಸಿಗುತ್ತಿದ್ದರು, ಕೈಯಲ್ಲಿ ಯಾರದೋ ಔಷಧಿಯೋ ಯಾರದೋ ಮಗುವೋ ಇರುತ್ತಿತ್ತು. ಹೋದ ತಿಂಗಳು, ಮಧ್ಯಾಹ್ನ ಮಲಗಿದ್ದವರು ಏಳಲಿಲ್ಲವಂತೆ. ಯಾರಿಗೂ ಆಸ್ಪತ್ರೆಯಲ್ಲಿ ಕಾಯುವ ತೊಂದರೆ ಕೊಡಲಿಲ್ಲ ಎಂದು ತಮ್ಮ ಹೇಳಿದಾಗಲೇ ನಾನು ಕೂರಲಾರದೆ ಎದ್ದು ಹೊರಗೆ ಬಂದದ್ದು.

ರಸ್ತೆಯಲ್ಲಿ ಓಡಾಡಿ ಓಡಾಡಿ, ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕಾರು ರೀತಿ ಜೋಡಿಸಿಕೊಂಡೆ. ಆ ಹೆಂಗಸು ನಮ್ಮನ್ನು ನಗಿಸಬೇಕೆಂದು ಎಷ್ಟು ಆಸೆಪಟ್ಟಿದ್ದರು, ಈ ಜನಕ್ಕೆ ಗೊತ್ತೇ ಇಲ್ಲವಲ್ಲ. ತಮ್ಮಂದಿರನ್ನೂ ನಾಲ್ಕು ಅನ್ನಬೇಕು ಎಂದುಕೊಂಡು ಒಳಗೆ ಬಂದೆ. ನಮ್ಮ ಧಾರಾವಾಹಿಯ ಅಧ್ಯಕ್ಷರು ಮೈಕಿನ ಮುಂದೆ ನಿಂತಿದ್ದರು. ವಯಸ್ಸಾಗಿದೆ, ಊರುಗೋಲು ಬಂದಿದೆ. ಅವರೂ ವಿವೇಕ, ತಾಳ್ಮೆ ಎಂದೇ ಶುರುಮಾಡಿದ್ದರು. ನಾನು ಬಾಗಿಲಿಗೆ ಒರಗಿ, ಮುಗಿಯಲಿ ಎಂದು ಕಾಯುತ್ತಿದ್ದೆ. ಅವರು ಸಮಾಜಕ್ಕೆ ಇಂಥವರ ಅಗತ್ಯ ಎಷ್ಟಿದೆಯೆಂದರೆ ಎಂದು ಹೇಳಿ, ನಿಂತರು.

ಕಣ್ಣು ಗಾಜಾಯಿತು. ನನಗೆ ಆ ಕಣ್ಣು ಚೆನ್ನಾಗಿ ಗೊತ್ತು. ತಲೆ ತಾನಾಗಿ ಎಡಕ್ಕೆ ತಿರುಗಿತು.

ಎಡಗಡೆ ಮೇಜಿತ್ತು. ಮೇಜಿನ ಮೇಲೆ ಫೋಟೋ ಇತ್ತು. ಅಧ್ಯಕ್ಷರು ಫೋಟೋವನ್ನು ನೋಡುತ್ತ ನಿಂತರು. ಇಡೀ ಸಭೆ ಆ ಕಡೆಗೆ ನೋಡಿತು. ಕನ್ನಡಕದ ಮೇಲಿನಿಂದ ಮೇಡಂ ನಮ್ಮನ್ನು ನೋಡುತ್ತಿದ್ದರು.

“ಹೇಳಿ ಮೇಡಂ” ಎಂದರು ಅಧ್ಯಕ್ಷರು, ಮೈಕಿನಲ್ಲೇ. “ನಾನೇನೋ ಹೇಳ್ತಿದ್ದೆ.”

ಮೊದಲು ನಕ್ಕದ್ದು ಚಿಕ್ಕ ತಮ್ಮ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅಧ್ಯಕ್ಷರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ದೊಡ್ಡ ತಮ್ಮ ಎದ್ದು ಹೋಗಿ ಅವರ ಕೈ ಹಿಡಿದುಕೊಂಡ. ಅಕ್ಕ ಚಿಕ್ಕಂದಿನಲ್ಲಿ ಮನೆ ಮಾಲೀಕರನ್ನು ಹೇಗೆ ಅಣಕಿಸುತ್ತಿದ್ದಳು ಗೊತ್ತಾ ಎಂದು ಮೈಕಿನಲ್ಲಿ ಹೇಳತೊಡಗಿದ. ಅವನಿಗೂ ನೆನಪಿತ್ತು. ನಾನು ಜೋಡಿಸಿಕೊಂಡಿದ್ದ ಭಾಷಣದ ಅಗತ್ಯ ಅಲ್ಲಿ ಉಳಿಯಲಿಲ್ಲ.

ಆ ಹೊತ್ತಿಗೆ ಫೋಟೋಗೆ ಹೂ ಹಾಕಲು ಜನ ಏಳತೊಡಗಿದರು. ಕೊನೆಯ ಸಾಲಿನಲ್ಲಿದ್ದ ಒಬ್ಬ ಹೆಂಗಸು ಎದ್ದು, ಬಾಗಿಲ ಬಳಿ ಸುಮ್ಮನೆ ನಿಂತಿದ್ದ ನನ್ನನ್ನು ನೋಡಿ, “ಒಂದ್ನಿಮಿಷ ನೋಡ್ಕೊಂಡಿರಿ ಸಾರ್” ಎಂದು ಬ್ಯಾಗನ್ನು ಕೈಗೆ ಕೊಟ್ಟರು. ಅವರನ್ನು ನೋಡಿ ಪಕ್ಕದವರೂ ಕೊಟ್ಟರು. ಮೇಡಂ ನಾದಿನಿಯೂ ಬಂದು ತಮ್ಮದೊಂದು ಸೇರಿಸಿದರು. ಇಷ್ಟನ್ನೂ ಹಿಡಿದುಕೊಂಡು ನಿಲ್ಲುವುದು ಸಾಧ್ಯವಿರಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತೆ. ಎಲ್ಲ ಬ್ಯಾಗುಗಳನ್ನೂ ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದುಕೊಂಡೆ. ಏಳಬೇಕೆನಿಸಲಿಲ್ಲ.

ಮುಂದೆ ಜನ ಗುಂಪುಗಟ್ಟಿದ್ದರು. ಅಲ್ಲಿಂದ ಫೋಟೋ ಕಾಣಿಸುತ್ತಿರಲಿಲ್ಲ. ನಗು ಮಾತ್ರ ಕೇಳಿಸುತ್ತಿತ್ತು.